ಅಕ್ಕನ ಊರಿಗೆ ಹೋದಾಗ

ದಸರಾ ರಜೆಗೆ ಹುಮನಾಬಾದಿಗೆ ಹೊರಟಾಗ ನನ್ನ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಒಂದು ಪ್ಲಾಸ್ಟಿಕ್ ಫೈಲ್ ಇತ್ತು. ಅದರಲ್ಲಿ ಮೂರು ಪುಟದ ಒಂದು ಕರಡು. ಮೇಲೆ ದಪ್ಪ ಅಕ್ಷರದಲ್ಲಿ ‘ಹಕ್ಕು ಬಿಡುಗಡೆ ಪತ್ರ’ ಅಂತ. ಊರಿನಲ್ಲಿರೋ ನಮ್ಮ ಏಳು ಎಕರೆ ಹೊಲದ ಮೇಲೆ ನನ್ನ ಅಕ್ಕನಿಗೆ ಯಾವ ಹಕ್ಕೂ ಬೇಡ, ಯಾರ ಒತ್ತಾಯವೂ ಇಲ್ಲದೆ ಖುಷಿಯಿಂದ ಬಿಟ್ಟುಕೊಟ್ಟಿದ್ದಾಳೆ ಅನ್ನೋದು ಅದರ ಸಾರ. ಅಪ್ಪ ಟೈಪ್ ಮಾಡಿಸಿ ಕೊಟ್ಟಿದ್ದರು. “ಅಕ್ಕಗ ಒಂದ್ಸಲ ತೋರ್ಸು. ದೀಪಾವಳಿ ಆದಮ್ಯಾಗ ರಿಜಿಸ್ಟ್ರಿ ಮಾಡ್ಸಮು. ಆಧಾರ್ ಝೆರಾಕ್ಸ್ ಇಸ್ಕೊಂಡ್ ಬಾ.” ಅಷ್ಟೇ ಮಾತು. ರಿಲೀಸ್‌ಗೆ ಮುಂಚೆ ಯಾರದೋ ಒಂದು ಅಪ್ರೂವಲ್ ತಗೋಬೇಕು ಅನ್ನೋ ಥರ ನಾನೂ ಅದನ್ನ ಬ್ಯಾಗಿಗೆ ಹಾಕಿಕೊಂಡೆ. ಯೋಚನೆ ಅಂತ ಏನೂ ಮಾಡಲಿಲ್ಲ.

ಹುಮನಾಬಾದ್ ಎಲ್ಲಿದೆ ಅಂತ ಆಫೀಸಲ್ಲಿ ಕೇಳಿದರೆ ಅರ್ಧ ಜನ ತೆಲಂಗಾಣ ಅಂತಾರೆ. ಬೀದರ್ ಜಿಲ್ಲೆ ಮಾರಾಯ್ರೆ. ಪುಣೆ-ಹೈದರಾಬಾದ್ ಹೆದ್ದಾರಿ ಊರಿನ ಪಕ್ಕದಲ್ಲೇ ಹೋಗುತ್ತೆ. ನಾನು ಹುಟ್ಟಿ ಬೆಳೆದದ್ದು ಕಲಬುರಗಿ ಜಿಲ್ಲೆಯ ಭೀಮಾ ದಂಡೆಯ ಒಂದು ಹಳ್ಳಿ. ಅಕ್ಕನನ್ನು 2003ರಲ್ಲಿ ಹುಮನಾಬಾದಿಗೆ ಕೊಟ್ಟೆವು. ಆಗ ನಾನಿನ್ನೂ ಹೈಸ್ಕೂಲು. ಅವಳನ್ನು ನೋಡೋಕೆ ಹೋಗಬೇಕು ಅಂದರೆ ಬಸ್ಸಿನಲ್ಲಿ ಮೈಯೆಲ್ಲ ಪುಡಿಯಾಗ್ತಿತ್ತು. 2017ರ ಅಕ್ಟೋಬರ್ 29ಕ್ಕೆ ಬೀದರ್-ಕಲಬುರಗಿ ರೈಲುದಾರಿ ಉದ್ಘಾಟನೆ ಆಯ್ತು. ಈಗ ಬೆಂಗಳೂರಿನಿಂದ ರೈಲಿನಲ್ಲೇ ಅಕ್ಕನ ಊರು ಮುಟ್ಟಬಹುದು. ನಡುವೆ ಮರಗುತ್ತಿ ಸುರಂಗ ಬರುತ್ತೆ. ಅದರೊಳಗೆ ನನ್ನ ಮಕ್ಕಳು ಕಿರುಚಾಡಿದ್ದಕ್ಕೆ ಎದುರಿಗೆ ಕೂತ ಅಜ್ಜ ಒಬ್ಬರು ತಾವೂ ಸೇರಿಕೊಂಡು ಕೂಗಿದರು.

ನಾವು ಹೋದಾಗ ಅಲ್ಲಿ ಸೋಯಾ ರಾಶಿ ನಡೀತಿತ್ತು. ಮಾಮಾ, ಅಂದರೆ ಅಕ್ಕನ ಗಂಡ, ಬೆಳಗ್ಗೆ ಐದಕ್ಕೇ ಹೊಲಕ್ಕೆ ಹೋಗಿಬಿಟ್ಟಿದ್ದರು. ಕಾರಿನ ಕೀಲಿ ಮಾತ್ರ ಟಿವಿ ಮೇಲೆ ಇಟ್ಟು, “ಮಕ್ಕಳಿಗಿ ಕಲ್ಯಾಣ ತೋರಿಸ್ಕೊಂಡ್ ಬಾ” ಅಂತ ಹೇಳಿ ಹೋಗಿದ್ದರು. ಇಲ್ಲಿ ಯಾರೂ ಬಸವಕಲ್ಯಾಣ ಅಂತ ಪೂರ್ತಿ ಹೇಳಲ್ಲ. ಕಲ್ಯಾಣ, ಅಷ್ಟೇ. ಅಕ್ಕ ಇಪ್ಪತ್ತು ವರ್ಷದ ಮೇಲಾಯ್ತು ಇಲ್ಲಿ, ಕಲ್ಯಾಣಕ್ಕೆ ಹೋಗಿದ್ದು ಮೂರು ಸಲ. ಮೂರೂ ಸಲ ಮದುವೆ ಊಟಕ್ಕೆ. “ಅಲ್ಲಿ ಖಿಲ್ಲೆ ಅದಂತ ಗೊತ್ತದ, ನೋಡಿಲ್ಲ” ಅಂದಳು. ಹೀಗಾಗಿ ನಾವು ಆರು ಜನ ಹೊರಟೆವು. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ, ಅಕ್ಕ, ಪಿಯುಸಿ ಓದ್ತಿರೋ ಅಕ್ಕನ ಮಗಳು. ಡಿಕ್ಕಿಯಲ್ಲಿ ರೊಟ್ಟಿ ಬುತ್ತಿ.

ಹೆದ್ದಾರಿ ಹಿಡಿದು ಸೋಲಾಪುರದ ಕಡೆಗೆ ಹೋದರೆ ಸಸ್ತಾಪುರ ಬಂಗ್ಲಾ ಅಂತ ಬರುತ್ತೆ. ಅಲ್ಲಿ ತಿರುಗಿದರೆ ಕಲ್ಯಾಣ. ದೂರದಿಂದಲೇ 108 ಅಡಿಯ ಬಸವಣ್ಣನ ಮೂರ್ತಿ ಕಾಣುತ್ತೆ. ಮಕ್ಕಳಿಗೆ ಅದೇ ದೊಡ್ಡ ಖುಷಿ. ಹೊಸ ಅನುಭವ ಮಂಟಪದ ಕೆಲಸವೂ ನಡೀತಿತ್ತು. 2021ರ ಜನವರಿ 6ಕ್ಕೆ ಅಡಿಗಲ್ಲು ಹಾಕಿದಾಗ ಅದು 500 ಕೋಟಿಯ ಯೋಜನೆ. ನಾನು ಸುಮ್ಮನೆ ಕೋಟೆ ಕಡೆ ಗಾಡಿ ತಿರುಗಿಸಿದೆ. ದೊಡ್ಡದನ್ನು ಕಟ್ಟೋದು ಬೇಡ ಅಂತಲ್ಲ. ಹಳೇದನ್ನು ಮೊದಲು ತೋರಿಸಬೇಕು ಅನ್ನೋ ಹಠ, ಅಷ್ಟೇ.

ಬಸವಕಲ್ಯಾಣದ ಕೋಟೆ ಬೀದರಿನ ಕೋಟೆಯ ಥರ ಎದೆ ಉಬ್ಬಿಸಿ ನಿಲ್ಲಲ್ಲ. ಹತ್ತಿರ ಹೋಗೋವರೆಗೂ ಅದು ಕೋಟೆ ಅಂತಲೇ ಅನ್ನಿಸಲ್ಲ. ಒಳಗೆ ಹೋದರೆ ಒಂದರ ಹಿಂದೆ ಒಂದು ಬಾಗಿಲು, ತಿರುವು, ಮೆಟ್ಟಿಲು, ಬುರುಜು, ಬುರುಜಿನ ಮೇಲೆ ತೋಪು. ಈಗ ಕಾಣೋ ಗೋಡೆ ಬಹುಪಾಲು ಸುಲ್ತಾನರ ಕಾಲದ್ದು. ಬಹಮನಿ, ಬರೀದ್ ಶಾಹಿ, ಆದಿಲ್ ಶಾಹಿ, 1657ರಲ್ಲಿ ಔರಂಗಜೇಬ, ಆಮೇಲೆ ನಿಜಾಮನ ಕೈಕೆಳಗೆ ಕಲ್ಯಾಣಿಯ ನವಾಬರು. ಒಂದೇ ಮನೆಗೆ ಬಾಡಿಗೆದಾರರು ಬದಲಾದ ಹಾಗೆ. ಒಳಗಿರೋ ಮ್ಯೂಸಿಯಂನಲ್ಲಿ ಮಾತ್ರ ಅವರೆಲ್ಲರಿಗಿಂತ ಹಿಂದಿನವರು ಕೂತಿದ್ದಾರೆ: ಜೈನ ತೀರ್ಥಂಕರರು, ಚಾಲುಕ್ಯರ ಕಾಲದ ಕಲ್ಲಿನ ಮೂರ್ತಿಗಳು.

ಅವರ ಕಾಲಕ್ಕೇ ಇದು ಕಲ್ಯಾಣ ಆದದ್ದು. 11ನೇ ಶತಮಾನದ ನಡುಭಾಗದಲ್ಲಿ ಒಂದನೇ ಸೋಮೇಶ್ವರ ರಾಜಧಾನಿಯನ್ನು ಮಾನ್ಯಖೇಟದಿಂದ (ಈಗಿನ ಮಳಖೇಡ, ನಮ್ಮ ಕಡೆಯವರಿಗೆ ಸಿಮೆಂಟ್ ಫ್ಯಾಕ್ಟರಿ ಊರು) ಇಲ್ಲಿಗೆ ತಂದ. ಅವನ ಮಗ ಆರನೇ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಐವತ್ತು ವರ್ಷ ಆಳಿದ. ಶಕವರ್ಷ ಬಿಟ್ಟು ತನ್ನದೇ ಹೆಸರಿನ ಚಾಲುಕ್ಯ ವಿಕ್ರಮ ಶಕೆ ಶುರು ಮಾಡಿದ. ಕಾಶ್ಮೀರದಿಂದ ಬಿಲ್ಹಣ ಬಂದು ಅವನ ಆಸ್ಥಾನ ಸೇರಿ ‘ವಿಕ್ರಮಾಂಕದೇವಚರಿತ’ ಬರೆದ. ಕಾಶ್ಮೀರದಿಂದ ಕಲ್ಯಾಣಕ್ಕೆ ಕೆಲಸ ಹುಡುಕಿಕೊಂಡು ಬರ್ತಿದ್ದರು ಒಂದು ಕಾಲಕ್ಕೆ. ಈಗ ಕಲ್ಯಾಣದ ಹುಡುಗರು ಪುಣೆ, ಹೈದರಾಬಾದ್, ಬೆಂಗಳೂರು ಅಂತ ಹೋಗ್ತಾರೆ, ನನ್ನಂಗೆ.

ಒಂದು ವಿಷಯ ಮಕ್ಕಳಿಗೆ ಹೇಳಬಾರದಿತ್ತೇನೋ, ಹೇಳಿಬಿಟ್ಟೆ. ಸಿಂಹಾಸನ ಹಿರಿಯ ಮಗ ಎರಡನೇ ಸೋಮೇಶ್ವರನಿಗೆ ಬಂದಿತ್ತು. ತಮ್ಮ ವಿಕ್ರಮಾದಿತ್ಯ ಅಣ್ಣನ ಜೊತೆ ಯುದ್ಧ ಮಾಡಿ, ಅವನನ್ನು ಸೆರೆಗೆ ಹಾಕಿ, ತಾನು ರಾಜನಾದ.

“ಅಣ್ಣನ ಹತ್ರ ಕಿತ್ಕೊಂಡ್ನಾ?” ಅಂತ ಮಗ.

ಹೌದು, ಅಂದೆ. ಬಿಲ್ಹಣ ಇದನ್ನೇ ಬೇರೆ ಥರ ಬರೀತಾನೆ. ತಮ್ಮನಿಗೆ ರಾಜ್ಯದ ಆಸೆಯೇ ಇರಲಿಲ್ಲ, ಅಣ್ಣ ಕೆಟ್ಟವನಾದ, ದೇವರೇ ಹೇಳಿದ ಮೇಲೆ ವಿಧಿಯಿಲ್ಲದೆ ಯುದ್ಧಕ್ಕೆ ಇಳಿದ ಅಂತ. ಸಂಬಳ ಕೊಡೋನ ಬಗ್ಗೆ ಬರೆಯೋವಾಗ ಇನ್ನೇನು ಬರೀತಾನೆ. ಆಸ್ತಿ ತಗೊಂಡವರ ಕಡೆಯ ಕಾಗದದಲ್ಲಿ ಯಾವಾಗಲೂ ಹೀಗೇ ಇರುತ್ತೆ, ಖುಷಿಯಿಂದ, ಒತ್ತಾಯವಿಲ್ಲದೆ.

ಅಕ್ಕನ ಮಗಳು ಮೊಬೈಲ್‌ನಿಂದ ತಲೆ ಎತ್ತಿ, “ಮಾಮಾ, ಬರೇ ಗಂಡಸರೇ ಇದ್ರೇನು ಅವಾಗ?” ಅಂದಳು. ಆಗ ನೆನಪಾದದ್ದು ಅಕ್ಕಾದೇವಿ. ವಿಕ್ರಮಾದಿತ್ಯನ ಅಜ್ಜ ಎರಡನೇ ಜಯಸಿಂಹನ ಅಕ್ಕ. ಶಾಸನಗಳಲ್ಲಿ ‘ಗುಣದ ಬೆಡಂಗಿ’ ಅಂತ ಬಿರುದು. ಕಿಸುಕಾಡು ನಾಡನ್ನು ಆಳಿದವಳು. ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದವಳು. ಅರಮನೆಯ ಹೆಣ್ಣುಮಕ್ಕಳಿಗೆ ನಾಡು ಕೊಟ್ಟು ಆಳಿಸೋದು ಚಾಲುಕ್ಯರಲ್ಲಿ ಅಪರೂಪ ಆಗಿರಲಿಲ್ಲ. ನನ್ನ ಅಕ್ಕ ಇದನ್ನು ಕೇಳಿ ನಕ್ಕಳು. “ನಮ್ಮಪ್ಪ ನನಗ ಒಂದ್ ಎಮ್ಮಿ ಕೊಟ್ಟಿದ್ದ, ಅದೂ ಬತ್ತಿಸಿದ್ದು.”

ನಾವೂ ನಕ್ಕೆವು. ಫೈಲು ಕಾರಿನಲ್ಲೇ ಇತ್ತು.

ಕೋಟೆ ಮುಗಿಸಿ ಗವಿಗಳ ಕಡೆ ಹೋದೆವು. ಊರ ಸುತ್ತ ಶರಣರ ಹೆಸರಿನ ಜಾಗಗಳು ತುಂಬ ಇವೆ. ಅಕ್ಕನಾಗಮ್ಮನ ಗವಿ, ಅಂಬಿಗರ ಚೌಡಯ್ಯನ ಗವಿ, ನುಲಿಯ ಚಂದಯ್ಯನ ಗವಿ, ಮಡಿವಾಳ ಮಾಚಯ್ಯನ ಹೊಂಡ, ಪರುಷಕಟ್ಟೆ. ಇದೇ ಗವಿಯಲ್ಲಿ ಇಂಥವರೇ ಇದ್ದರು ಅನ್ನೋದು ಜನರ ನಂಬಿಕೆಯಿಂದ ಬಂದ ಗುರುತು, ಶಾಸನ ಹಿಡಿದು ಹೇಳೋದು ಕಷ್ಟ. ಬಸವಣ್ಣನ ಹೆಸರು ಬರುವ ಅರ್ಜುನವಾಡದ ಶಾಸನವೇ 1260ರದ್ದು, ಅಂದರೆ ಕಲ್ಯಾಣದಲ್ಲಿ ಆ ಗಲಾಟೆ ಆಗಿ ಹತ್ತಿರ ಹತ್ತಿರ ನೂರು ವರ್ಷದ ಮೇಲೆ. ಆದರೆ ಕಳಚುರಿ ಬಿಜ್ಜಳ ಚಾಲುಕ್ಯರ ಕೈಯಿಂದ ರಾಜ್ಯ ತಗೊಂಡದ್ದು, ಬಸವಣ್ಣ ಅವನ ಭಂಡಾರಿ ಆಗಿದ್ದದ್ದು, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಗಿ ಊರು ಹೊತ್ತಿ ಉರಿದದ್ದು, ಶರಣರು ಚೆಲ್ಲಾಪಿಲ್ಲಿಯಾದದ್ದು ಈ ಸೀಮೆಯಲ್ಲಿ ನಿನ್ನೆ ಆದಂಗೆ ಹೇಳ್ತಾರೆ. ಹರಳಯ್ಯ ಮಧುವರಸರನ್ನು ಆನೆ ಕಾಲಿಗೆ ಕಟ್ಟಿ ಎಳೆಸಿದರು ಅನ್ನೋ ಭಾಗವನ್ನು ನಾನು ಮಕ್ಕಳಿಗೆ ಹೇಳಲಿಲ್ಲ. ಅಕ್ಕ ಹೇಳಿದಳು. ಮಗ ಆಮೇಲೆ ಅರ್ಧ ಗಂಟೆ ಆನೆ ವಿಷಯ ಬಿಡಲಿಲ್ಲ.

ಅಕ್ಕನಾಗಮ್ಮನ ಗವಿ ಮುಂದೆ ನನ್ನ ಮಗಳು, “ಈ ಕಥೆ ನಂಗೊತ್ತು” ಅಂದಳು. ಶಾಲೆಯಲ್ಲಿ ಬಸವ ಜಯಂತಿಗೆ ನಾಟಕ ಮಾಡಿದ್ದರಂತೆ. ಬಸವಣ್ಣನಿಗೆ ಜನಿವಾರ ಹಾಕೋಕೆ ಬರ್ತಾರೆ. ಬಸವಣ್ಣ, ನನಗಿಂತ ದೊಡ್ಡವಳು ಅಕ್ಕ, ಅವಳಿಗೆ ಮೊದಲು ಹಾಕಿ ಅಂತಾನೆ. ಹೆಣ್ಣುಮಕ್ಕಳಿಗೆ ಇಲ್ಲ ಅಂತಾರೆ. ಹಾಗಾದರೆ ನನಗೂ ಬೇಡ ಅಂತ ಮನೆ ಬಿಟ್ಟು ಹೊರಡ್ತಾನೆ. ಮಗಳು ಅಕ್ಕನಾಗಮ್ಮನ ಪಾರ್ಟು ಮಾಡಿದ್ದಳಂತೆ. ಡೈಲಾಗ್ ಒಂದೇ ಒಂದು ಇತ್ತು ಅನ್ನೋದು ಅವಳ ದೂರು.

ಈ ಕಥೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ನಾನು ನಾಲ್ಕನೇ ಕ್ಲಾಸಿನಲ್ಲಿ ಇದೇ ಕಥೆಯನ್ನು ಭಾಷಣ ಮಾಡಿ ಸ್ಟೀಲಿನ ತಾಟು ಗೆದ್ದಿದ್ದೆ. ಬರೆದುಕೊಟ್ಟವಳು ಅಕ್ಕ. ಗವಿಯ ತಣ್ಣನೆ ಕಲ್ಲಿಗೆ ಬೆನ್ನು ಕೊಟ್ಟು ಕೂತಾಗ ಅದು ನೆನಪಾಯ್ತು, ಆದರೆ ಯಾರಿಗೂ ಹೇಳಲಿಲ್ಲ.

ತ್ರಿಪುರಾಂತ ಕೆರೆ ದಂಡೆಯ ಮೇಲೆ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಮೊಸರು. ನನ್ನ ಹೆಂಡತಿ ತುಮಕೂರಿನವಳು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಪುಂಡಿಪಲ್ಲೆ ಒಪ್ಪಿಕೊಂಡಿದ್ದಾಳೆ. ಮಕ್ಕಳಿಗೆ ಮಾತ್ರ ಇಡ್ಲಿಯೇ ಬೇಕು, ಅಕ್ಕ ಅದನ್ನೂ ಮಾಡಿ ತಂದಿದ್ದಳು. ಇಡ್ಲಿ ತಿನ್ನೋಕೆ ಇದಕ್ಕಿಂತ ಸರಿಯಾದ ಜಾಗ ಇಲ್ಲ ನೋಡಿ. ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ ಅನ್ನೋ ಸಂಸ್ಕೃತ ಗ್ರಂಥದಲ್ಲಿ ಆನೆ ಹಿಡಿಯೋದರಿಂದ ಹಿಡಿದು ಅಡುಗೆವರೆಗೂ ಎಲ್ಲ ಇದೆ. ಅದರಲ್ಲಿ ಇಡ್ಡರಿಕಾ ಅಂತ ಒಂದು ತಿಂಡಿ ಬರುತ್ತೆ, ಉದ್ದಿನ ಹಿಟ್ಟಿನದು, ಅಕ್ಕಿ ಇಲ್ಲ. ಧೋಸಕಾ ಕೂಡ ಇದೆ. ಅಡುಗೆ ಬರೆದಿಟ್ಟ ರಾಜ ಅಂದ ಕೂಡಲೇ ಮಕ್ಕಳಿಗೆ ಚಾಲುಕ್ಯರ ಮೇಲೆ ಮೊದಲ ಸಲ ಗೌರವ ಬಂತು.

ಆದರೆ ಕಲ್ಯಾಣದಿಂದ ಹೊರಟು ಇಡೀ ದೇಶದ ಮನೆ ಮನೆಗೆ ಹೋದ ಪುಸ್ತಕ ಮಾನಸೋಲ್ಲಾಸ ಅಲ್ಲ, ಬಿಲ್ಹಣನ ಕಾವ್ಯವೂ ಅಲ್ಲ. ಅದು ‘ಮಿತಾಕ್ಷರ’. ವಿಕ್ರಮಾದಿತ್ಯನ ಕಾಲದಲ್ಲಿ, ಇದೇ ಊರಲ್ಲಿ, ವಿಜ್ಞಾನೇಶ್ವರ ಅನ್ನೋ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ. ಅವನ ಊರು ಕಲಬುರಗಿ ಜಿಲ್ಲೆಯ ಮರತೂರು ಅಂತ ಹೇಳ್ತಾರೆ. ನಾನು ಕಾಲೇಜಿಗೆ ಹೋಗೋವಾಗ ಹತ್ತಾರು ಸಲ ಮರತೂರಿನ ಮೇಲೆ ಹಾದು ಹೋಗಿದ್ದೇನೆ, ಒಮ್ಮೆಯೂ ಗೊತ್ತಿರಲಿಲ್ಲ. ಪುಸ್ತಕದ ಕೊನೆಗೆ ಅವನು ಕಲ್ಯಾಣದಂಥ ಊರನ್ನು ಹೊಗಳಿ, ವಿಕ್ರಮಾದಿತ್ಯನಂಥ ರಾಜನನ್ನು ಹೊಗಳಿ, ಅದೇ ಉಸಿರಿನಲ್ಲಿ ತನ್ನನ್ನೂ ಹೊಗಳಿಕೊಂಡು ಮುಗಿಸ್ತಾನೆ. ನಮ್ಮ ಅಪ್ರೈಸಲ್ ಫಾರ್ಮ್‌ಗಳೇ ವಾಸಿ.

ಮಿತಾಕ್ಷರ ಹೇಳಿದ್ದನ್ನು ಸರಳವಾಗಿ ಹೇಳೋದಾದರೆ ಹೀಗೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿದ ಕ್ಷಣದಿಂದಲೇ ಪಾಲು ಇದೆ, ಅಪ್ಪ ಸಾಯೋವರೆಗೆ ಕಾಯಬೇಕಿಲ್ಲ. ಅಪ್ಪ ಒಬ್ಬನೇ ಮನಸ್ಸಿಗೆ ಬಂದ ಹಾಗೆ ಅದನ್ನು ಮಾರಲಾರ. ಬಂಗಾಳದಲ್ಲಿ ಜೀಮೂತವಾಹನ ಅನ್ನೋ ಇನ್ನೊಬ್ಬ ಪಂಡಿತ ‘ದಾಯಭಾಗ’ ಬರೆದು, ಅಪ್ಪ ಹೋದ ಮೇಲೆಯೇ ಮಗನ ಹಕ್ಕು ಅಂದ. ಬಂಗಾಳ ಅಸ್ಸಾಂ ಬಿಟ್ಟರೆ ಹೆಚ್ಚು ಕಡಿಮೆ ಉಳಿದ ಕಡೆಯೆಲ್ಲ ನಡೆದದ್ದು ಕಲ್ಯಾಣದ ಮಾತೇ. 1810ರಲ್ಲಿ ಕೋಲ್‌ಬ್ರೂಕ್ ಅನ್ನೋ ಇಂಗ್ಲಿಷ್ ಅಧಿಕಾರಿ ಈ ಎರಡೂ ಗ್ರಂಥಗಳ ಆಸ್ತಿ ಹಂಚಿಕೆಯ ಭಾಗವನ್ನು ಕಲ್ಕತ್ತಾದಲ್ಲಿ ಇಂಗ್ಲಿಷಿಗೆ ತಂದ. ಅಲ್ಲಿಂದ ಮುಂದೆ ಕೋರ್ಟುಗಳಿಗೆ ಅದೇ ಆಧಾರ. ಒಂದು ವ್ಯಾಖ್ಯಾನ ಕಾನೂನಾಯ್ತು. ನಮ್ಮಲ್ಲಿ ಯಾರೋ ಹಿಂದೆ ಬರೆದ ಕೋಡು, ಬರೆದವನು ಎಂದೋ ಹೋಗಿರ್ತಾನೆ, ಮುಟ್ಟಿದರೆ ಏನೋ ಒಡೆಯುತ್ತೆ ಅಂತ ಯಾರೂ ಮುಟ್ಟಲ್ಲ, ಮೇಲೆ ಮೇಲೆ ಪ್ಯಾಚ್ ಹಾಕ್ತಾ ಇರ್ತೀವಿ. ಆ ಥರ.

ಅದರಲ್ಲಿ ಮಗಳು ಎಲ್ಲಿ? ಹುಟ್ಟಿನಿಂದ ಬರೋ ಹಕ್ಕಿನಲ್ಲಿ ಅವಳಿಲ್ಲ. ಆದರೆ ವಿಜ್ಞಾನೇಶ್ವರನನ್ನು ಸುಮ್ಮನೆ ಬಯ್ಯೋದು ನ್ಯಾಯ ಅಲ್ಲ. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳೋವಾಗ ಮದುವೆಯಾಗದ ತಂಗಿಗೆ ಗಂಡಿನ ಪಾಲಿನ ನಾಲ್ಕನೇ ಒಂದು ಭಾಗ ಕೊಡಬೇಕು ಅಂತ ಸ್ಮೃತಿಯಲ್ಲಿತ್ತು. ಹಾಗಂದರೆ ಮದುವೆ ಖರ್ಚಿಗೆ ಏನೋ ಒಂದಿಷ್ಟು ಕೊಟ್ಟರಾಯ್ತು ಅಂತ ಕೆಲವರು ಅರ್ಥ ಮಾಡಿದ್ದರು. ವಿಜ್ಞಾನೇಶ್ವರ ಅದನ್ನು ಒಪ್ಪಲಿಲ್ಲ. ಅದು ಖರ್ಚಲ್ಲ, ಪಾಲೇ ಅಂತ ವಾದ ಮಾಡಿದ. ಸ್ತ್ರೀಧನ ಅಂದರೆ ಮದುವೆಯಲ್ಲಿ ಬಂದ ಒಡವೆ ಮಾತ್ರ ಅಲ್ಲ, ಹೆಣ್ಣಿಗೆ ವಾರಸಾದಿಂದ ಬಂದದ್ದು, ಅವಳು ಕೊಂಡದ್ದು, ಪಾಲಿನಲ್ಲಿ ಸಿಕ್ಕಿದ್ದು ಎಲ್ಲವೂ ಅವಳದೇ ಅಂತ ಬರೆದ. 12ನೇ ಶತಮಾನದ ಆಸುಪಾಸಿನಲ್ಲಿ ಬರೆದ ಈ ಮಾತನ್ನು ಲಂಡನ್ನಿನಲ್ಲಿ ಕೂತ ಪ್ರಿವಿ ಕೌನ್ಸಿಲ್ 20ನೇ ಶತಮಾನದ ಶುರುವಿನಲ್ಲಿ ತಳ್ಳಿಹಾಕಿತು. ಹೆಣ್ಣಿಗೆ ವಾರಸಾದಿಂದ ಬಂದದ್ದು ಅವಳ ಸ್ವಂತದ್ದಲ್ಲ, ಅವಳು ಬದುಕಿರೋವರೆಗೆ ಮಾತ್ರ ಅಂತ. ಹಳೇ ಪಂಡಿತನ ಬಿಗಿ ಮಾತೆಲ್ಲ ಉಳಿಯಿತು, ಸಡಿಲ ಬಿಟ್ಟದ್ದು ಹೋಯಿತು.

1956ರಲ್ಲಿ, ಬೀದರ್ ಜಿಲ್ಲೆ ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ, ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ಅಂಬೇಡ್ಕರ್ ಹಿಂದೂ ಕೋಡ್ ಬಿಲ್ ತಂದು, ಅದು ಮುಂದೆ ಹೋಗದೆ, 1951ರಲ್ಲಿ ಮಂತ್ರಿ ಪದವಿಯನ್ನೇ ಬಿಟ್ಟಿದ್ದರು. ಅವರು ಕೇಳಿದ್ದನ್ನು ತುಂಡು ತುಂಡು ಮಾಡಿ ಕೊಟ್ಟರು. ಮಗಳಿಗೆ ಪಾಲು ಬಂತು, ಆದರೆ ಅಪ್ಪನ ಪಾಲಿನಲ್ಲಿ ಪಾಲು. ತಾಯಿ ಇಲ್ಲ, ಒಬ್ಬ ಮಗ ಒಬ್ಬಳು ಮಗಳು ಅಂತ ಇಟ್ಕೊಳ್ಳಿ. ಅಪ್ಪ ತೀರಿಕೊಂಡರೆ ಮೊದಲು ಅಪ್ಪ-ಮಗ ಇಬ್ಬರೇ ಅರ್ಧರ್ಧ. ಆಮೇಲೆ ಅಪ್ಪನ ಅರ್ಧದಲ್ಲಿ ಮಗ-ಮಗಳಿಗೆ ಸಮ ಸಮ. ಮಗನಿಗೆ ಮುಕ್ಕಾಲು, ಮಗಳಿಗೆ ಕಾಲು. ಮಿತಾಕ್ಷರದ ಹುಟ್ಟು-ಹಕ್ಕನ್ನು ಹಾಗೇ ಇಟ್ಟುಕೊಂಡು ಪಕ್ಕದಲ್ಲಿ ಒಂದು ಕಿಟಕಿ ತೆಗೆದ ಹಾಗೆ.

ಮಗಳಿಗೂ ಹುಟ್ಟಿನಿಂದ ಹಕ್ಕು ಅಂತ ಮೊದಲು ಬರೆದದ್ದು 1986ರಲ್ಲಿ ಆಂಧ್ರ, ಆಮೇಲೆ 1989ರಲ್ಲಿ ತಮಿಳುನಾಡು, 1994ರಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರ. ದೇಶಕ್ಕೆಲ್ಲ ಬಂದದ್ದು 2005ರ ಸೆಪ್ಟೆಂಬರ್ 9ಕ್ಕೆ. ಅಪ್ಪ ಆ ದಿನ ಬದುಕಿರಬೇಕಾ ಬೇಡವಾ ಅಂತ ಹದಿನೈದು ವರ್ಷ ಕೋರ್ಟುಗಳಲ್ಲಿ ಗೊಂದಲ ನಡೆದು, 2020ರ ಆಗಸ್ಟ್ 11ಕ್ಕೆ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬೇಕಿಲ್ಲ, ಹಕ್ಕು ಹುಟ್ಟಿನಿಂದಲೇ ಅಂತ ಮುಗಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಸರಿಯಾಗಿ ಪಾಲಾಗಿದ್ದರೆ ಮಾತ್ರ ಅದನ್ನು ಕೆದಕುವ ಹಾಗಿಲ್ಲ.

ಇದನ್ನೆಲ್ಲ ನಾನು ಅಪ್ಪನ ಫೈಲು ಬಂದ ಮೇಲೆ ಒಂದು ರಾತ್ರಿ ಕೂತು ಓದಿದ್ದು. ಓದುತ್ತಾ ಓದುತ್ತಾ ಒಂದು ಕಡೆ ನಿಂತುಬಿಟ್ಟೆ. ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30. ಅದಕ್ಕಿಂತ ಮೊದಲು ಮದುವೆಯಾದ ಹೆಣ್ಣುಮಕ್ಕಳಿಗೆ ಮಾತ್ರ ಅನ್ವಯಿಸಲ್ಲ ಅಂತ ಅದರಲ್ಲಿತ್ತು. ಅಕ್ಕನ ಮದುವೆ 2003. ಅಂದರೆ ಅವಳ ಅಕ್ಕಿಕಾಳು ಬೀಳೋ ಹೊತ್ತಿಗೇ, ಮಂಟಪದಲ್ಲಿ ನಿಂತಾಗಲೇ, ಆ ಹೊಲದಲ್ಲಿ ಅವಳಿಗೆ ನನ್ನಷ್ಟೇ ಪಾಲಿತ್ತು. ಮದುವೆಗೆ ಅಂತ ಅಪ್ಪ ಸಾಲ ಮಾಡಿದ್ದು ಇಡೀ ಊರಿಗೆ ಗೊತ್ತಿತ್ತು. ಇದು ಯಾರಿಗೂ ಗೊತ್ತಿರಲಿಲ್ಲ.

ಅಪ್ಪನನ್ನು ಕೆಟ್ಟವರು ಅಂತ ತಿಳಿಯಬೇಡಿ. ಅವರ ಲೆಕ್ಕ ಸರಳ: ಮಗಳಿಗೆ ಮದುವೆಯಲ್ಲಿ ಕೊಟ್ಟಾಯ್ತು, ಉಳಿದದ್ದು ಮಗನಿಗೆ. ನಿಮ್ಮ ಮನೆಯಲ್ಲೂ ಇದೇ ಲೆಕ್ಕ ಇರಬಹುದು. ಆದರೆ ನನ್ನ ಬಿಇ ನಾಲ್ಕು ವರ್ಷದ ಫೀಸು, ಹಾಸ್ಟೆಲು, ಬೆಂಗಳೂರಿಗೆ ಬಂದ ಮೊದಲ ಆರು ತಿಂಗಳ ಪಿಜಿ ಬಾಡಿಗೆ, ಎಲ್ಲ ಅದೇ ಹೊಲದ ತೊಗರಿಯಿಂದ ಬಂದದ್ದು. ಅದನ್ನು ಯಾರೂ ನನ್ನ ಪಾಲಿಗೆ ಹಿಡಿದಿಲ್ಲ. ಅಕ್ಕ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸು. ಕಾಲೇಜು ತಾಲೂಕಿನಲ್ಲಿತ್ತು, ಬಸ್ಸು ಸರಿ ಇರಲಿಲ್ಲ, ಬಿಡಿಸಿದರು.

ಸಂಜೆ ನಾಲ್ಕಕ್ಕೆ ಹುಮನಾಬಾದ್ ದಾಟಿ ಬೀದರ್ ದಿಕ್ಕಿಗೆ ಜಲಸಂಗ್ವಿಗೆ ಹೋದೆವು. ಅಕ್ಕನ ಮನೆಗೆ ಕಲ್ಯಾಣಕ್ಕಿಂತ ಹತ್ತಿರ ಇರೋ ಊರು, ಅವಳು ನೋಡಿಯೇ ಇರಲಿಲ್ಲ. ವಿಕ್ರಮಾದಿತ್ಯನ ಕಾಲದ ಈಶ್ವರ ಗುಡಿ. ಗರ್ಭಗುಡಿ ಹೊರಗೋಡೆ ಸುತ್ತ ಶಿಲಾಬಾಲಿಕೆಯರು. ಒಬ್ಬಳು ಕನ್ನಡಿ ಹಿಡಿದಿದ್ದಾಳೆ, ಒಬ್ಬಳು ಕುಣೀತಿದ್ದಾಳೆ. ಬೇಲೂರಿನ ಮದನಿಕೆಯರಿಗೆ ಇವರೇ ಅಕ್ಕಂದಿರು ಅಂತ ಹೇಳ್ತಾರೆ. ಬೇಲೂರಿಗೆ ಬಸ್ಸು ಬಸ್ಸು ಜನ ಬರ್ತಾರೆ. ಇಲ್ಲಿ ನಾವು ಆರು ಜನ, ಎರಡು ಆಡು, ಕಟ್ಟೆ ಮೇಲೆ ಇಸ್ಪೀಟು ಆಡ್ತಿದ್ದ ನಾಲ್ಕು ಹುಡುಗರು. ಆ ಹುಡುಗರಲ್ಲೊಬ್ಬ ಎದ್ದು ಬಂದು, “ಬರ್ಯಾಕಿ ಇಲ್ಲಿದ್ದಾಳ್ರಿ” ಅಂತ ಕರ್ಕೊಂಡು ಹೋಗಿ ತೋರಿಸಿದ.

ಅವಳು ನಿಂತುಕೊಂಡು ಬರೀತಿದ್ದಾಳೆ. ಎದುರಿಗೆ ಒಂದು ಕಲ್ಲಿನ ಹಲಗೆ, ಹಲಗೆ ಮೇಲೆ ನಿಜವಾದ ಅಕ್ಷರಗಳು. ಶಾಸನ ಬರೆಯುವ ಹೆಣ್ಣು. ಶಾಸನ ಅಂದರೆ ನಮ್ಮ ಕಡೆ ಸಾವಿರಾರು ಸಿಕ್ಕಿವೆ: ದಾನ ಕೊಟ್ಟದ್ದು, ಭೂಮಿ ಕೊಟ್ಟದ್ದು, ಕೆರೆ ಕಟ್ಟಿಸಿದ್ದು. ಬರೆದವರ ಹೆಸರು ಬಂದರೂ ಮುಖ ಕಾಣಲ್ಲ. ಇಲ್ಲಿ ಬರೆಯೋಳ ಮುಖ, ಬೆರಳು, ಜಡೆ ಎಲ್ಲ ಇದೆ. ಇಳಿ ಬಿಸಿಲು ಓರೆಯಾಗಿ ಬಿದ್ದು ಬಳೆಗಳ ಗೆರೆ ಕೂಡ ಕಾಣ್ತಿತ್ತು.

“ಅಪ್ಪಾ, ಏನ್ ಬರೀತಿದಾಳೆ?” ಮಗಳು ಕೇಳಿದಳು.

ಸಂಸ್ಕೃತದಲ್ಲಿದೆ, ಏಳು ದ್ವೀಪದ ಭೂಮಿಯನ್ನೆಲ್ಲ ವಿಕ್ರಮಾದಿತ್ಯ ತನ್ನದು ಮಾಡಿಕೊಳ್ತಾನೆ ಅನ್ನೋ ಅರ್ಥ ಅಂದೆ.

“ಅವಳ ಬಗ್ಗೆ ಏನೂ ಇಲ್ವಾ?”

“ಇಲ್ಲ.”

ಮಗಳು ತಿರುಗಿ ಗುಡಿ ಸುತ್ತೋಕೆ ಹೋದಳು. ನಾನೂ ಅಕ್ಕನೂ ಅಲ್ಲೇ ನಿಂತಿದ್ದೆವು. ಅಕ್ಕ ಆ ಕಲ್ಲಿನ ಹೆಣ್ಣನ್ನೇ ನೋಡುತ್ತಾ, ನನ್ನ ಕಡೆ ತಿರುಗದೆ, “ಅಪ್ಪ ಫೋನ್ ಮಾಡಿದ್ದ. ಕಾಗ್ದ ತಂದಿ ಅಂತಲ್ಲ, ಕೊಡು. ಸಹಿ ಹಾಕ್ತೀನಿ” ಅಂದಳು. ಅವಳಿಗೆ ಮೊದಲೇ ಗೊತ್ತಿತ್ತು. ಬೆಳಗ್ಗೆಯಿಂದ ಕೋಟೆ, ಗವಿ, ಕೆರೆ ದಂಡೆ ಎಲ್ಲ ಕಡೆ ಗೊತ್ತಿದ್ದೂ ನಮಗೆ ರೊಟ್ಟಿ ಬಡಿಸಿದ್ದಳು.

ಅದರಲ್ಲಿ ಏನಿದೆ ಗೊತ್ತಾ ಅಂತ ಕೇಳಿದೆ.

“ಗೊತ್ತದೋ ತಮ್ಮಾ. ಎಲ್ಲಾ ಅಕ್ಕತಂಗ್ಯಾರೂ ಹಾಕ್ತಾರ. ನಮ್ಮ ನೆಗೆಣ್ಣಿ ಹಾಕಿಲ್ಲೇನು, ಮತ್ತ ನಮ್ಮ ಅತ್ತಿ ಹಾಕಿಲ್ಲೇನು. ಪಾಲು ಕೇಳ್ದಾಕಿಗಿ ಯಾರು ಪಂಚಮಿಗಿ ಕರೀತಾರ?”

ನಾನು 1994ರ ವಿಷಯ ಹೇಳಿದೆ. ನಿಧಾನವಾಗಿ, ಕೆರೆ ದಂಡೆಯಲ್ಲಿ ಹೇಳಿದ ಹಾಗೆ ಕಥೆ ಮಾಡಿ ಅಲ್ಲ. ಅವಳ ಮದುವೆ ಯಾವ ವರ್ಷ, ಕಾನೂನು ಯಾವ ವರ್ಷ, ಪಹಣಿಯಲ್ಲಿ ಎಷ್ಟು ಎಕರೆ. ಅವಳು ಕಲ್ಲಿನ ಹಲಗೆಯ ಅಂಚಿಗೆ ಬೆರಳು ಮುಟ್ಟಿಸಿಕೊಂಡು ಕೇಳಿದಳು.

“ಅಂದ್ರ ನನ್ನ ಮದುವ್ಯಾಗಿಂದೂ ನಂದು ಅದ್ರಾಗ ಇತ್ತೇನು?”

“ಇತ್ತು ಅಲ್ಲಕ್ಕಾ, ಅದ.”

ಅವಳು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಆ ಬಾವಿ ಕಡಿ ಎರಡ್ ಎಕರೆ ಚಲೋ ಅವ. ಮ್ಯಾಗಿಂದು ಬರೇ ಕಲ್ಲು” ಅಂದಳು. ಇಪ್ಪತ್ತು ವರ್ಷ ಆಯ್ತು ಆ ಹೊಲಕ್ಕೆ ಕಾಲಿಟ್ಟು, ಯಾವ ಮೂಲೆಯಲ್ಲಿ ಕಲ್ಲು ಅಂತ ಮರೆತಿರಲಿಲ್ಲ. ನನಗೆ ಅದು ಗೊತ್ತಿರಲೇ ಇಲ್ಲ.

ವಾಪಸ್ ಬರೋವಾಗ ಮಕ್ಕಳ ಹಠಕ್ಕೆ ಮಾಣಿಕನಗರದಲ್ಲಿ ಹತ್ತು ನಿಮಿಷ ನಿಂತೆವು. ಮಾಣಿಕಪ್ರಭುಗಳ (1817–1865) ಸಮಾಧಿ ಇರೋ ಜಾಗ. ಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ ಹುಟ್ಟಿ, ಎಲ್ಲ ಮತಗಳೂ ಸಮ ಅನ್ನೋ ‘ಸಕಲಮತ’ ಸಂಪ್ರದಾಯ ಕಟ್ಟಿ, ಮರಾಠಿ, ಕನ್ನಡ, ಉರ್ದು ಎಲ್ಲದರಲ್ಲೂ ಹಾಡು ಕಟ್ಟಿದವರು. ಈ ಸೀಮೆಯ ಸಂತೆಯಲ್ಲಿ ಇವತ್ತಿಗೂ ಒಂದೇ ವಾಕ್ಯದಲ್ಲಿ ಮೂರೂ ಭಾಷೆ ಬರ್ತವೆ. ಅವರ ಬಗ್ಗೆ ಇನ್ನೊಂದು ಸಲ ಬರೀತೀನಿ. ಆವತ್ತು ನನ್ನ ತಲೆ ಅಲ್ಲಿರಲಿಲ್ಲ.

ರಾತ್ರಿ ಊಟ ಆದಮೇಲೆ ಅಪ್ಪನ ಫೋನು. “ತೋರಿಸ್ದೇನು?” ಅಂದರು. ತೋರಿಸಿಲ್ಲ, ಹೇಳಿದ್ದೇನೆ ಅಂದೆ. ಏನು ಹೇಳಿದಿ ಅಂತ ಕೇಳಿದರು. ಹೇಳಿದೆ. ಬಹಳ ಹೊತ್ತು ಆ ಕಡೆಯಿಂದ ಟಿವಿ ಸದ್ದು ಮಾತ್ರ ಬಂತು. “ಅಕ್ಕಗ ಕೊಡು ಫೋನ್” ಅಂದರು ಕೊನೆಗೆ. ಅಕ್ಕ ಫೋನ್ ತಗೊಂಡು ಹಿತ್ತಲಿಗೆ ಹೋದಳು. ಅಲ್ಲಿ ಮಾಮಾ ಸೋಯಾ ಚೀಲಗಳನ್ನು ಎಣಿಸಿ ಒಟ್ಟುತ್ತಿದ್ದರು. ಅಪ್ಪ-ಮಗಳು ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ, ಇಪ್ಪತ್ತು ನಿಮಿಷ ಮಾತಾಡಿದರು. ಒಳಗೆ ಬಂದು ಫೋನ್ ಕೊಟ್ಟು, “ದೀಪಾವಳಿಗಿ ಬರ್ತೀನಂತ ಹೇಳೀನಿ. ಹೊಲಕ್ಕ ಹೋಗಮು ಎಲ್ಲರೂ ಕೂಡಿ” ಅಂದಳು.

ಮರುದಿನ ಬೆಳಗ್ಗೆ ಸ್ಟೇಷನ್ನಿಗೆ ಬಿಡೋಕೆ ಬಂದಾಗ ಅಕ್ಕ ಒಂದು ಚೀಲ ಕೊಟ್ಟಳು. ಶೇಂಗಾ ಹೋಳಿಗೆ, ಕಡಕ್ ರೊಟ್ಟಿ, ಹಿಂಡಿ. ನನ್ನ ಕಡೆ ನೋಡಿ, “ಆಧಾರ್ ಝೆರಾಕ್ಸ್ ಬೇಕಾಗಿತ್ತೇನು?” ಅಂದಳು. ಬೇಡ ಅಂದೆ. ಮಗ ರೈಲು ಹತ್ತಿದ ಕೂಡಲೇ ಸುರಂಗ ಎಷ್ಟೊತ್ತಿಗೆ ಬರುತ್ತೆ ಅಂತ ಕೇಳೋಕೆ ಶುರು ಮಾಡಿದ.